ಕ್ಯಾಲಿಫೋರ್ನಿಯಾ: ರಿಜಿಸ್ಟ್ರೇಷನ್ ಮುಗಿದ ಲೀಸ್ ಕಾರು ವಾಪಸ್ ಕೊಡುವ ಮುಂಚೆ

ಲೀಸ್ ಮುಗಿಯಲು ಮೂರು ವಾರ ಇದೆ, ರಿಜಿಸ್ಟ್ರೇಷನ್ ಹೋದ ತಿಂಗಳೇ ಮುಗಿದಿದೆ, ಕಾರು ಹೇಗೂ ಲೀಸ್ ಕಂಪನಿಯದ್ದು, ಹಾಗೇ ಡೀಲರ್ ಹತ್ತಿರ ಬಿಟ್ಟು ಬರಬಹುದಾ ಅಂತ ಕೇಳಿದ್ದೀರಿ. ಡೀಲರ್ ತಗೊಂಡರೂ ತಗೊಳ್ಳಬಹುದು. ಆದರೆ ಲೀಸ್ ಅವಧಿಯೊಳಗೆ ಬಾಕಿಯಾದ ರಿಜಿಸ್ಟ್ರೇಷನ್ ಶುಲ್ಕ ಓಡಿಸುವವರದ್ದೇ ಅಂತ ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ನೀವು ಕಟ್ಟದಿದ್ದರೆ ಕಂಪನಿ ಕಟ್ಟಿ, ದಂಡ ಸೇರಿಸಿ, ಕೊನೆಯ ಬಿಲ್ಲಿನಲ್ಲಿ ವಸೂಲು ಮಾಡುತ್ತದೆ.

ಮೂರು ವಾರಕ್ಕೆ ಇಡೀ ವರ್ಷದ ದುಡ್ಡು ಅಂದರೆ ಹೊಟ್ಟೆ ಉರಿಯುತ್ತದೆ, ನಿಜ. ಉಳಿದ ತಿಂಗಳುಗಳ ಹಣ ಡಿಎಂವಿ (ರಾಜ್ಯದ ವಾಹನ ಇಲಾಖೆ) ವಾಪಸ್ ಕೊಡುವುದಿಲ್ಲ. ರಿಜಿಸ್ಟ್ರೇಷನ್ ಮುಗಿಯುವ ಮುಂಚೆಯೇ ಕಾರು ಒಪ್ಪಿಸಿದ್ದರೆ ಉಳಿಯುತ್ತಿತ್ತು. ಈಗ ಆ ದಾರಿ ಮುಚ್ಚಿದೆ. ತಡ ಮಾಡಿದಷ್ಟೂ ಖರ್ಚು: 10 ದಿನ, 30 ದಿನ, ಒಂದು ವರ್ಷ ದಾಟಿದ ಹಾಗೆ ದಂಡ ಏರುತ್ತದೆ. ಆರು ತಿಂಗಳು ಮೀರಿದರೆ ರಸ್ತೆಯಲ್ಲಿ ನಿಂತ ಕಾರನ್ನು ಪೊಲೀಸರು ಟೋ ಮಾಡಿಸಬಹುದು.

ರಿಜಿಸ್ಟ್ರೇಷನ್ ನವೀಕರಣದ ನೋಟಿಸೇ ಬರಲಿಲ್ಲ ಅಂತ ಕಾಯಬೇಡಿ. ಲೀಸ್ ಕಾರಿನ ನೋಟಿಸ್ ಎಷ್ಟೋ ಸಲ ಕಂಪನಿಯ ವಿಳಾಸಕ್ಕೇ ಹೋಗುತ್ತದೆ. ಪ್ಲೇಟ್ ನಂಬರ್ ಮತ್ತು ವಿಐಎನ್‌ನ (ಕಾರಿನ ಗುರುತಿನ ಸಂಖ್ಯೆ) ಕೊನೆಯ ಐದು ಅಂಕಿ ಇದ್ದರೆ ಡಿಎಂವಿ ಸೈಟಿನಲ್ಲಿ ಕಟ್ಟಬಹುದು. ಪ್ಲೇಟಿಗೆ ಅಂಟಿಸುವ ರಿಜಿಸ್ಟ್ರೇಷನ್ ಸ್ಟಿಕ್ಕರ್ ಅಂಚೆಯಲ್ಲಿ ಬರಲು ಸಮಯ ಹಿಡಿಯುತ್ತದೆ; ದಿನಸಿ ಅಂಗಡಿಗಳಲ್ಲಿರುವ ಡಿಎಂವಿ ಕಿಯಾಸ್ಕ್ (ಸ್ವಯಂಸೇವಾ ಯಂತ್ರ) ಅಲ್ಲೇ ಕೊಡುತ್ತದೆ. ಅರ್ಜಿ ತಡೆದು ನಿಂತರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು: ಕಟ್ಟದ ಪಾರ್ಕಿಂಗ್ ಅಥವಾ ಟೋಲ್ ದಂಡ, ಇಲ್ಲವೇ ಡಿಎಂವಿ ದಾಖಲೆಯಲ್ಲಿ ಕಾಣದ ವಿಮೆ. ವಿಮೆಯದ್ದಾದರೆ ಏಜೆಂಟರಿಗೆ ಹೇಳಿ, ಸರಿಯಾದ ವಿಐಎನ್‌ನೊಂದಿಗೆ ಡಿಎಂವಿಗೆ ಮತ್ತೆ ವರದಿ ಕಳಿಸಲು ಹೇಳಿ. ಹೊಸ ಪೆಟ್ರೋಲ್ ಕಾರಿಗೆ ಸ್ಮಾಗ್ ಪರೀಕ್ಷೆ (ಹೊಗೆ ತಪಾಸಣೆ) ಬೇಕಿಲ್ಲ, ಎಂಟು ಮಾಡೆಲ್ ವರ್ಷದವರೆಗೆ ವಿನಾಯಿತಿ ಇದೆ.

ಯಾರಾದರೂ ‘ನಾನ್-ಆಪರೇಷನ್ (ಕಾರು ಓಡಿಸುತ್ತಿಲ್ಲ ಅನ್ನುವ ಘೋಷಣೆ) ಫೈಲ್ ಮಾಡಿ, ಅಗ್ಗ’ ಅಂದರೆ ಕಿವಿಗೊಡಬೇಡಿ. ಹಾಗೆ ಫೈಲ್ ಮಾಡಿದ ಕಾರನ್ನು ಬೀದಿಯಲ್ಲಿ ಓಡಿಸುವಂತಿಲ್ಲ, ನಿಲ್ಲಿಸುವಂತೆಯೂ ಇಲ್ಲ.

ಒಪ್ಪಿಸುವ ದಿನ ಎರಡೂ ಕೀಲಿ, ರಿಜಿಸ್ಟ್ರೇಷನ್ ಕಾಗದ ಮತ್ತು ಶುಲ್ಕದ ರಸೀದಿ ಒಯ್ಯಿರಿ. ಓಡೋಮೀಟರ್ ಹೇಳಿಕೆಗೆ ಸಹಿ ಹಾಕಿ. ದಿನಾಂಕ, ಮೈಲಿ, ಪಡೆದವರ ಸಹಿ ಇರುವ ಸ್ವೀಕೃತಿ ಪತ್ರ ಕೈಗೆ ಬರದೆ ಅಲ್ಲಿಂದ ಕದಲಬೇಡಿ. ಟೋಲ್ ಕಟ್ಟುವ ಫಾಸ್‌ಟ್ರ್ಯಾಕ್ ಟ್ಯಾಗ್ ಕಿತ್ತುಕೊಂಡು, ಅದರ ಖಾತೆಯಿಂದ ಪ್ಲೇಟ್ ನಂಬರ್ ತೆಗೆಯಿರಿ. ಪ್ಲೇಟು ಕಾರಿನ ಜೊತೆಗೇ ಹೋಗುವುದರಿಂದ, ತೆಗೆಯದಿದ್ದರೆ ಮುಂದಿನವರ ಟೋಲ್ ನಿಮ್ಮ ತಲೆಗೆ ಬರುತ್ತದೆ. ವಿಮೆ ರದ್ದು ಮಾಡುವುದು ಇದೆಲ್ಲ ಆದ ಮೇಲೆ.