ಸಿರಿಧಾನ್ಯದ ಡಬ್ಬ ಆಚೆ ಇಡಿ, ಮೊದಲು ಕುಚ್ಚಲಕ್ಕಿಗೆ ನೀರಿಡಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬೆಂಗಳೂರಿನಿಂದ ಮಂಗಳೂರಿಗೆ ಬಂದು ಆರು ತಿಂಗಳಾಯಿತು, ಮನೆಯಲ್ಲಿ ಎರಡು ಮಕ್ಕಳು, ಅತ್ತೆಗೆ ಶುಗರ್ ಅಂತ ಬರೆದಿದ್ದೀರಿ. ಪಾಲಿಶ್ ಮಾಡದ ಧಾನ್ಯ ತಿನ್ನಿ ಅಂತ ಎಲ್ಲರೂ ಹೇಳಿದ್ದಕ್ಕೆ ಒಂದೇ ಸಲ ಐದು ಥರದ ಸಿರಿಧಾನ್ಯ ತಂದಿರಿ. ನವಣೆ ಅನ್ನ ಮಕ್ಕಳು ಮುಟ್ಟಲಿಲ್ಲ, ಉಳಿದದ್ದು ಡಬ್ಬದಲ್ಲೇ ಉಂಟು. ಈಗ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನಗು ಬಂದದ್ದು ಯಾಕೆ ಅಂದ್ರೆ, 2023ರಲ್ಲಿ ನಾನೂ ಇದನ್ನೇ ಮಾಡಿದ್ದೆ. ಅದು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ್ದ ವರ್ಷ. ಎಲ್ಲಿ ನೋಡಿದರೂ ಅದೇ ಮಾತು. ನನ್ನ ಹೆಂಡತಿಗೆ ಶಿಫ್ಟ್ ಕೆಲಸ, ಹಾಗಾಗಿ ಮನೆಯ ಅಡುಗೆ ಹೆಚ್ಚಾಗಿ ನನ್ನದೇ. ಒಂದು ಸೋಮವಾರದಿಂದ ಬೆಳಿಗ್ಗೆ ಸಾಮೆ ಉಪ್ಪಿಟ್ಟು, ಮಧ್ಯಾಹ್ನ ನವಣೆ ಅನ್ನ, ರಾತ್ರಿ ಹಾರಕದ ಗಂಜಿ ಅಂತ ಶುರು ಮಾಡಿದೆ. ಬುಧವಾರ ಅಪ್ಪನಿಗೆ ಹೊಟ್ಟೆ ಉಬ್ಬರ. ಗುರುವಾರ ಮಗಳ ಟಿಫಿನ್ ಡಬ್ಬ ಮುಚ್ಚಳ ತೆಗೆಯದೆ ವಾಪಸ್ ಬಂತು. ಶುಕ್ರವಾರ ಹೆಂಡತಿ ಏನೂ ಮಾತಾಡದೆ ಬೆಳ್ತಿಗೆ ಅಕ್ಕಿಯ, ಅಂದ್ರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಯ, ನೀರುದೋಸೆ ಎರೆದಳು. ಎಲ್ಲರೂ ಹಬ್ಬದ ಹಾಗೆ ತಿಂದರು. ನಾನೂ ತಿಂದೆ.

ತಪ್ಪು ಧಾನ್ಯದ್ದಲ್ಲ. ನಾರಿನ ಅಂಶ ಅಷ್ಟಾಗಿ ಅಭ್ಯಾಸ ಇಲ್ಲದ ಹೊಟ್ಟೆಗೆ ಒಂದೇ ವಾರದಲ್ಲಿ ಮೂರು ಪಟ್ಟು ಹಾಕಿದರೆ ಅದು ಗಲಾಟೆ ಮಾಡದೆ ಇರುತ್ತಾ? ಅದಕ್ಕೇ ನನ್ನ ಉತ್ತರ ಇಷ್ಟು: ನೀವು ಬಂದಿರುವ ಊರಿನಲ್ಲೇ ತೌಡು ಉಳಿದಿರುವ ಒಂದು ಧಾನ್ಯವನ್ನು ಜನ ದಿನಾ ಉಣ್ಣುತ್ತಾರೆ. ಅದರಿಂದ ಶುರು ಮಾಡಿ. ಕೆಂಪು ಕುಚ್ಚಲಕ್ಕಿ.

ಕುಚ್ಚುವುದು ಅಂದ್ರೆ ಬೇಯಿಸುವುದು. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಬ್ರಹ್ಮಾವರದ ಹತ್ತಿರದ ನಮ್ಮ ಅಜ್ಜಿಯ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ರಾತ್ರಿಯೇ ದೊಡ್ಡ ಹಂಡೆಗೆ ಭತ್ತ, ನೀರು. ಬೆಳಗಿನ ಜಾವ ಕೆಳಗೆ ತೆಂಗಿನ ಮಡಲಿನ ಬೆಂಕಿ. ಭತ್ತದ ಬಾಯಿ ಸ್ವಲ್ಪ ಬಿಟ್ಟರೆ ಆಯಿತು, ಅಂಗಳದ ಚಾಪೆಗೆ ಸುರಿಯುತ್ತಿದ್ದರು. ಬಿಸಿ ಆರಿದ ಮೇಲೆ ಕಾಲಿನಿಂದ ಸಾಲು ಸಾಲಾಗಿ ಎಳೆದು ಮಗುಚುವುದು, ಕೋಳಿ ಓಡಿಸುವುದು ನಮ್ಮ ಕೆಲಸ. ಆ ಬೆಂದ ಭತ್ತದ ವಾಸನೆ ಅಂಗಿಯಲ್ಲಿ ಎರಡು ದಿನ ಇರುತ್ತಿತ್ತು.

ಈ ಬೇಯಿಸುವ ಕೆಲಸದಲ್ಲಿ ಒಂದು ದೊಡ್ಡ ಲಾಭ ಉಂಟು. ಅಕ್ಕಿಯ ಬಿ ವಿಟಮಿನ್‌ಗಳು ಹೆಚ್ಚಾಗಿ ಇರುವುದು ಹೊರಗಿನ ತೌಡಿನಲ್ಲಿ. ಭತ್ತ ನೆನೆದು ಬೇಯುವಾಗ ಅದರಲ್ಲಿ ಒಂದಿಷ್ಟು ನೀರಿನ ಜೊತೆ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಸ್ವಲ್ಪ ಪಾಲಿಶ್ ಆದರೂ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆಯಲ್ಲಿ ಹಾಗಲ್ಲ, ತೌಡು ಹೋಯಿತು ಅಂದ್ರೆ ಅದೂ ಹೋಯಿತು. ತೌಡು ದನಕ್ಕೆ, ಬಿಳಿ ಅಕ್ಕಿ ನಮಗೆ. ಈ ಲೆಕ್ಕದಲ್ಲಿ ಬುದ್ಧಿವಂತರು ಯಾರು ಅಂತ ನೀವೇ ಹೇಳಿ.

ಅಂಗಡಿಯಲ್ಲಿ ಸುಮ್ನೆ ಕುಚ್ಚಲಕ್ಕಿ ಕೊಡಿ ಅಂದರೆ ಮಾತ್ರ ಕಷ್ಟ. ಬಿಳಿ ಕುಚ್ಚಲಕ್ಕಿಯೂ ಉಂಟು, ಕೆಂಪು ಗೆರೆ ಗೆರೆಯಾಗಿ ಉಳಿದ ಅರ್ಧ ಪಾಲಿಶ್ ಅಕ್ಕಿಯೂ ಉಂಟು. ನಿಮಗೆ ಬೇಕಾದದ್ದು ಕಾಳಿನ ಮೈಯೆಲ್ಲ ಕೆಂಪಾಗಿರುವ ಅಕ್ಕಿ. ಕಜೆ ಅಕ್ಕಿ ಅಂತ ಕೇಳಿ. ಇಲ್ಲಿ ಬೆಳೆಯುವ ಎಂಒ-4 ಅನ್ನುವ ಭತ್ತದ ತಳಿ ಕೂಡ ಕೆಂಪು ಅಕ್ಕಿಯೇ. ಒಂದು ಹಿಡಿ ಅಂಗೈಗೆ ಹಾಕಿ ಕಿಟಕಿ ಬೆಳಕಿನಲ್ಲಿ ನೋಡಿ. ತೀರಾ ನುಣುಪಾಗಿ ಹೊಳೆಯುತ್ತಿದ್ದರೆ ಬೇಡ.

ಬೇಯಿಸುವುದರಲ್ಲಿ ಹೊಸಬರು ಸೋಲುವುದು ಇಲ್ಲೇ. ಸೋನಾ ಮಸೂರಿಯ ಹಾಗೆ ಎರಡು ಲೋಟ ನೀರು, ಮೂರು ಸೀಟಿ ಅಂದ್ರೆ ಇದು ಬೇಯುವುದೇ ಇಲ್ಲ. ರಾತ್ರಿ ಮಲಗುವ ಮೊದಲು ತೊಳೆದು ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಒಂದು ಲೋಟ ಅಕ್ಕಿಗೆ ನಾಲ್ಕೈದು ಲೋಟ ನೀರಿಡಿ. ಕುಕ್ಕರಿನಲ್ಲಾದರೆ ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 20-25 ನಿಮಿಷ. ಆಮೇಲೆ ಸೀಟಿ ಎತ್ತಬೇಡಿ, ತಾನಾಗಿ ಇಳಿಯಲಿ. ನಮ್ಮ ಮನೆಯಲ್ಲಿ ಥರ್ಮಲ್ ಕುಕ್ಕರ್ ಉಂಟು. ಪಾತ್ರೆಯಲ್ಲಿ 20 ನಿಮಿಷ ಚೆನ್ನಾಗಿ ಕುದಿಸಿ, ಹಾಗೇ ಮುಚ್ಚಿ ಆ ದಪ್ಪ ಡಬ್ಬದೊಳಗೆ ಇಟ್ಟರೆ ಒಂದೂವರೆ ಗಂಟೆಯಲ್ಲಿ ತನ್ನಷ್ಟಕ್ಕೆ ಬೆಂದಿರುತ್ತದೆ. ಗ್ಯಾಸು ಉಳಿಯಿತು, ಕಾಯುವ ಕೆಲಸವೂ ಇಲ್ಲ. ಎಲ್ಲ ಅಕ್ಕಿಗೂ ಒಂದೇ ಲೆಕ್ಕ ಹಿಡಿಯುವುದಿಲ್ಲ. ಒಂದು ಕಾಳು ಬೆರಳಲ್ಲಿ ಹಿಸುಕಿ ನೋಡಿ, ನಡುವೆ ಬಿಳಿ ಚುಕ್ಕಿ ಇದ್ದರೆ ಇನ್ನೂ ಬೇಯಬೇಕು.

ಬಸಿದ ನೀರಿಗೆ ನಮ್ಮಲ್ಲಿ ತೆಳಿ ಅಂತಾರೆ. ಅದನ್ನು ಚೆಲ್ಲಿದರೆ ನೀರಿನಲ್ಲಿ ಕರಗಿದ ಬಿ ವಿಟಮಿನ್ನೂ ಸಿಂಕಿಗೆ. ಉಪ್ಪು ಹಾಕಿ ಕುಡಿಯಿರಿ, ಇಲ್ಲ ಸಾರಿಗೆ ಸೇರಿಸಿ. ಅತ್ತೆಗೆ ಮಾತ್ರ ಕೊಡಬೇಡಿ, ಅದರಲ್ಲಿ ಪಿಷ್ಟ ಇರುತ್ತದೆ.

ಮಕ್ಕಳಿಗೆ ಮೊದಲ ವಾರ ನೀವು ದಿನಾ ಮಾಡುವ ಅನ್ನದ ಜೊತೆ ಒಂದು ಹಿಡಿ ಕುಚ್ಚಲಕ್ಕಿ ಅನ್ನ ಕಲಸಿ. ಹೇಳಬೇಡಿ, ಸುಮ್ನೆ ಬಡಿಸಿ. ಎರಡನ್ನೂ ಬೇರೆ ಬೇರೆ ಬೇಯಿಸಿ, ಒಟ್ಟಿಗೆ ಇಟ್ಟರೆ ಒಂದು ಮುದ್ದೆ, ಇನ್ನೊಂದು ಕಲ್ಲು. ನನ್ನ ಮಗಳು ಒಪ್ಪಿದ್ದು ಗಂಜಿಯಿಂದ. ಜ್ವರ ಬಂದಾಗ ಕೊಟ್ಟ ಬಿಸಿ ಗಂಜಿ, ಮೇಲೆ ಒಂದು ಚಮಚ ತುಪ್ಪ, ಬದಿಯಲ್ಲಿ ಮಾವಿನ ಮಿಡಿ. ಜ್ವರ ಬಿಟ್ಟ ಮೇಲೂ ಕೇಳಿದಳು. ಸಂಜೆಯ ತಿಂಡಿಗೆ ಕೆಂಪು ಅವಲಕ್ಕಿ, ಬೆಲ್ಲ, ತೆಂಗಿನತುರಿ ಕಲಸಿ ಕೊಡಿ. ಅದಕ್ಕೆ ಬೇಡ ಅಂದ ಮಗುವನ್ನು ನಾನು ಇನ್ನೂ ನೋಡಿಲ್ಲ.

ಎರಡನೆಯದು ರಾಗಿ. ಒಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ನವಣೆ, ಸಾಮೆ, ಹಾರಕಕ್ಕೆಲ್ಲ ಗಟ್ಟಿ ಸಿಪ್ಪೆ ಇರುತ್ತದೆ, ಅದನ್ನು ಮಿಲ್ಲಿನಲ್ಲಿ ತೆಗೆಯಲೇಬೇಕು. ತೆಗೆಯುವಾಗ ಹಲವು ಕಡೆ ತೌಡನ್ನೂ ಉಜ್ಜಿ ಪಾಲಿಶ್ ಮಾಡಿಬಿಡುತ್ತಾರೆ, ಯಾಕೆಂದರೆ ತೌಡಿನಲ್ಲಿ ಎಣ್ಣೆ ಉಂಟು, ಬೇಗ ಕನರುತ್ತದೆ. ಹೀಗಾಗಿ ಪ್ಯಾಕೆಟ್ಟಿನ ಮೇಲೆ ಸಿರಿಧಾನ್ಯ ಅಂತ ಬರೆದಿದ್ದರೂ ಒಳಗೆ ಇರುವುದು ಬೆಳ್ತಿಗೆಯ ತಮ್ಮ ಆಗಿರಬಹುದು. ರಾಗಿಯಲ್ಲಿ ಈ ತಾಪತ್ರಯ ಕಡಿಮೆ. ಅದರ ಕೆಂಪು ಹೊದಿಕೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ತೊಳೆದು ಒಣಗಿಸಿ ಗಿರಣಿಗೆ ಕೊಟ್ಟು, ಜರಡಿ ಹಿಡಿಯದಿದ್ದರೆ ಅದು ಪೂರ್ತಿ ಧಾನ್ಯವೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು, ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ.

ಇಲ್ಲಿನ ಅಕ್ಕಪಕ್ಕದವರು ನಿಮಗೆ ರಾಗಿ ಮಣ್ಣಿ ಹೇಳಿಕೊಡುತ್ತಾರೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಬೆಲ್ಲದ ಜೊತೆ ಕೈಬಿಡದೆ ಕಾಯಿಸುವುದು. ತಟ್ಟೆಗೆ ಸುರಿದು ಆರಿದರೆ ಕತ್ತರಿಸಬಹುದು. ಸಣ್ಣ ಮಕ್ಕಳಿಗೆ ಕೊಡುವುದು ವಾಡಿಕೆ, ರುಚಿಯಂತೂ ಕೇಳಬೇಡಿ. ಆದರೆ ಬಟ್ಟೆಯಲ್ಲಿ ಉಳಿದ ಚರಟವೇ ನೀವು ಹುಡುಕುತ್ತಿರುವ ನಾರು ಮಾರಾಯ್ರೆ! ಅದನ್ನು ನಾವು ಗಿಡದ ಬುಡಕ್ಕೆ ಹಾಕುತ್ತೇವೆ. ಶಾಲೆಗೆ ಹೋಗುವ ಮಕ್ಕಳಿಗೆ ಸೋಸದೆ ಮಾಡಿ, ಸ್ವಲ್ಪ ತರಿ ಸಿಗುತ್ತದೆ, ಅಷ್ಟೇ. ಇಲ್ಲದಿದ್ದರೆ ದೋಸೆ ಹಿಟ್ಟಿನಲ್ಲಿ ಅಕ್ಕಿಯ ಅರ್ಧ ಭಾಗ ತೆಗೆದು ರಾಗಿ ಹಾಕಿ, ಉದ್ದು ಎಂದಿನಷ್ಟೇ. ರಾತ್ರಿ ಹುಳಿ ಬಂದರೆ ದೋಸೆ ಗರಿಗರಿ ಬರುತ್ತದೆ.

ನೆನೆಸುವುದು, ಹುಳಿ ಬರಿಸುವುದು, ಮೊಳಕೆ ಬರಿಸುವುದು ರುಚಿಗೆ ಮಾತ್ರ ಅಲ್ಲ. ಧಾನ್ಯದ ಹೊರಪದರದಲ್ಲಿ ಫೈಟಿಕ್ ಆಮ್ಲ ಅಂತ ಇರುತ್ತದೆ. ಅದು ಕಬ್ಬಿಣ, ಸತು, ಕ್ಯಾಲ್ಸಿಯಂ ಹಿಡಿದುಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತದೆ. ಈ ಮೂರು ಕೆಲಸದಿಂದ ಅದು ಕಡಿಮೆಯಾಗುತ್ತದೆ. ಊಟದ ಮೇಲೆ ಲಿಂಬೆ ಹಿಂಡಿದರೆ ಕಬ್ಬಿಣ ಇನ್ನಷ್ಟು ಹತ್ತುತ್ತದೆ. ಊಟದ ಜೊತೆಗೇ ಚಾ ಕುಡಿದರೆ ಉಲ್ಟಾ. ನಮ್ಮ ಅಪ್ಪ ಈ ವಾಕ್ಯ ಓದಿದರೆ ಸಿಟ್ಟು ಮಾಡುತ್ತಾರೆ.

ಮೊಳಕೆ ರಾಗಿ ಹಿಟ್ಟು ಮನೆಯಲ್ಲೇ ಮಾಡಬಹುದು, ಆದರೆ ಮಳೆಗಾಲದಲ್ಲಿ ದಯವಿಟ್ಟು ಬೇಡ. ನಾನು ಒಂದು ಜುಲೈಯಲ್ಲಿ ಮಾಡಿದೆ. ಎರಡು ಕೆಜಿ ರಾಗಿ ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಕಟ್ಟಿದೆ. ಒಂದೂವರೆ ದಿನಕ್ಕೆ ಚಂದದ ಬಿಳಿ ಮೊಳಕೆ ಬಂತು. ಫೋಟೋ ತೆಗೆದು ತಂಗಿಗೂ ಕಳಿಸಿದೆ. ಆಮೇಲೆ ಬಿಸಿಲೇ ಇಲ್ಲ. ಫ್ಯಾನಿನ ಕೆಳಗೆ ಪೇಪರ್ ಹಾಸಿ ಹರಡಿದೆ, ರಾತ್ರಿ ಎರಡು ಸಲ ಕರೆಂಟು ಹೋಯಿತು. ಮೂರನೇ ದಿನ ಕೈ ಹಾಕಿದರೆ ಅಡಿಯಲ್ಲಿ ಬೆಚ್ಚಗೆ, ಮುಗ್ಗಲು ವಾಸನೆ, ಬೂದು ಬಣ್ಣದ ಬೂಷ್ಟು. ತೊಳೆದು ಹುರಿದರೆ ಸರಿಯಾಗುತ್ತದೆ ಅಂತ ಅಮ್ಮ ಅಂದರು. ಆಗುವುದಿಲ್ಲ. ಕೆಲವು ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ. ಎರಡು ಕೆಜಿಯನ್ನೂ ತೆಂಗಿನ ಬುಡದಲ್ಲಿ ಗುಂಡಿ ತೆಗೆದು ಹುಗಿದೆ. ಈಗ ಮಾರ್ಚ್, ಏಪ್ರಿಲ್‌ನಲ್ಲಿ ತಾರಸಿಯ ಮೇಲೆ ಎರಡು ಬಿಸಿಲಲ್ಲಿ ಗರಿಗರಿ ಒಣಗಿಸಿ, ಸ್ವಲ್ಪ ಹುರಿದು, ಮೂರು ತಿಂಗಳಿಗಾಗುವಷ್ಟು ಪುಡಿ ಮಾಡಿ ಫ್ರಿಜ್ಜಿನಲ್ಲಿ ಇಡುತ್ತೇನೆ.

ಈಗ ನಿಮ್ಮ ಅತ್ತೆಯ ವಿಷಯ. ಇಲ್ಲಿ ಒಂದು ನಂಬಿಕೆ ಉಂಟು, ಕುಚ್ಚಲಕ್ಕಿಯಲ್ಲಿ ಶುಗರ್ ಇಲ್ಲ, ಎಷ್ಟು ಉಂಡರೂ ಆಗುತ್ತದೆ ಅಂತ. ಶುದ್ಧ ಸುಳ್ಳು. ಅದೂ ಅಕ್ಕಿಯೇ. ಬಿಳಿ ಅಕ್ಕಿಗಿಂತ ನಿಧಾನವಾಗಿ ಏರಿಸಬಹುದು, ಆದರೆ ಏರಿಸುತ್ತದೆ. ಅಪ್ಪನಿಗೆ ಶುಗರ್ ಬಂದಾಗ ಒಂದು ಗ್ಲುಕೋಮೀಟರ್ ತಂದೆವು. ಎರಡು ಬಟ್ಟಲು ಮೆತ್ತಗಿನ ಗಂಜಿ ಉಂಡ ದಿನ ಎರಡು ಗಂಟೆ ಬಿಟ್ಟು ನೋಡಿದರೆ 238. ಒಂದು ಸೌಟು ಬಿಡಿಬಿಡಿ ಅನ್ನ, ಹುರುಳಿ ಸಾರು, ತಟ್ಟೆ ತುಂಬ ಅಲಸಂಡೆ ಪಲ್ಯ ಉಂಡ ದಿನ 165. ಅಕ್ಕಿ ಅದೇ, ಬೇಯಿಸಿದ್ದೂ ನಾನೇ. ತುಂಬಾ ಮೆತ್ತಗೆ ಬೇಯಿಸಿದಷ್ಟೂ, ನುಣ್ಣಗೆ ಪುಡಿ ಮಾಡಿದಷ್ಟೂ ಅದು ಬೇಗ ಸಕ್ಕರೆಯಾಗುತ್ತದೆ. ಅದಕ್ಕೇ ಅತ್ತೆಗೆ ಮೊಳಕೆ ರಾಗಿಯ ಅಂಬಲಿಯೂ ಬೇಡ, ಮೊಳಕೆ ಬರುವಾಗಲೇ ಅದರ ಪಿಷ್ಟ ಒಡೆಯಲು ಶುರುವಾಗಿರುತ್ತದೆ. ಮಗುವಿಗೆ ಒಳ್ಳೆಯದಾದದ್ದು ಅಜ್ಜಿಗೆ ಆಗಬೇಕೆಂದಿಲ್ಲ. ಅವರಿಗೆ ಇಡೀ ಕಾಳಿನ ಅನ್ನ ಕಡಿಮೆ, ಪಲ್ಯ ಮತ್ತು ಬೇಳೆಕಾಳು ಜಾಸ್ತಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅನ್ನವನ್ನು ಒಮ್ಮೆಲೇ ಇಳಿಸುವ ಮೊದಲು ಡಾಕ್ಟರಿಗೆ ಹೇಳಿ, ಶುಗರ್ ತೀರಾ ಕೆಳಗೆ ಹೋಗಬಹುದು. ಕಿಡ್ನಿ ತೊಂದರೆ ಇದ್ದರೂ ಕೇಳಿಯೇ ಬದಲಾಯಿಸಿ.

ಗೋಧಿ ಬಗ್ಗೆ ಹೇಳುವುದು ಕಡಿಮೆ. ಕಾಳು ತಂದು ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿಯಬೇಡಿ, ಮುಗಿಯಿತು. ಗೋಧಿ ಕಡಿಯಿಂದ ಬರೀ ಪಾಯಸ ಮಾಡದೆ ಒಮ್ಮೆ ಉಪ್ಪಿಟ್ಟೂ ಮಾಡಿ.

ಕೊನೆಗೆ ಆ ನವಣೆ. ಮೊದಲು ಡಬ್ಬ ತೆರೆದು ಮೂಸಿ ನೋಡಿ. ಹಳೆ ಎಣ್ಣೆಯ ವಾಸನೆ ಬಂದರೆ, ನಾಲ್ಕು ಕಾಳು ಅಗಿದಾಗ ಕಹಿ ಅನಿಸಿದರೆ ಎಸೆಯಿರಿ, ಹಣದ ಮುಖ ನೋಡಬೇಡಿ. ಮಕ್ಕಳು ಮುಟ್ಟದೆ ಇದ್ದದ್ದು ಅದಕ್ಕೇ ಇರಬಹುದು. ಚೆನ್ನಾಗಿದ್ದರೆ ಮೂರ್ನಾಲ್ಕು ದಿನ ಫ್ರೀಜರಿನಲ್ಲಿಟ್ಟು ತೆಗೆಯಿರಿ, ಹುಳದ ಮೊಟ್ಟೆ ಸಾಯುತ್ತದೆ. ಆಮೇಲೆ ಗಾಳಿಯಾಡದ ಡಬ್ಬ. ಈ ಊರಿನ ತೇವಕ್ಕೆ ಪ್ಲಾಸ್ಟಿಕ್ ಕವರಿಗೆ ರಬ್ಬರ್ ಹಾಕಿಟ್ಟರೆ ಸಾಲದು. ಇನ್ನು ಮುಂದೆ ಅರ್ಧ ಕೆಜಿಗಿಂತ ಜಾಸ್ತಿ ತರಬೇಡಿ. ಅನ್ನ ಮಾಡಲು ಹೋಗಬೇಡಿ, ಅರ್ಧ ಗಂಟೆ ನೆನೆಸಿ ಹೆಸರುಬೇಳೆ, ಕಾಳುಮೆಣಸು ಹಾಕಿ ಪೊಂಗಲ್ ಮಾಡಿ, ಒಂದು ಲೋಟಕ್ಕೆ ಮೂರು ಲೋಟ ನೀರು. ವಾರಕ್ಕೆ ಒಂದು ದಿನ ಸಾಕು. ನಮ್ಮಲ್ಲಿ ಅದು ಭಾನುವಾರ ರಾತ್ರಿಗೆ, ಮಗಳು ಈಗ ಎರಡನೇ ಸಲ ಹಾಕಿಸಿಕೊಳ್ಳುತ್ತಾಳೆ. ಹಾರಕವನ್ನು ಮಾತ್ರ ಇನ್ನೂ ನೋಡಲು ಒಪ್ಪಿಲ್ಲ.