ವಾಹನ ಪ್ರಶ್ನೋತ್ತರ: ಯಾವ ಟ್ಯೂನಿಂಗ್ ಸಾಫ್ಟ್‌ವೇರ್ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ಸಾಗರದಲ್ಲಿ ನಮ್ಮದು ಸಣ್ಣ ಗ್ಯಾರೇಜ್. ಬೊಲೆರೊ, ಸ್ಕಾರ್ಪಿಯೊ, ಡೀಸೆಲ್ ಸ್ವಿಫ್ಟ್ ಜಾಸ್ತಿ ಬರುತ್ತವೆ. ಹುಡುಗರು ರೀಮ್ಯಾಪ್ (ಪವರ್ ಹೆಚ್ಚಲು ಎಂಜಿನ್ ಕಂಪ್ಯೂಟರ್‌ನ ಅಂಕಿ ಬದಲಿಸೋದು) ಕೇಳುತ್ತಾರೆ, ನಾವು ಮಾಡಲ್ಲ ಅಂದರೆ ಬೆಂಗಳೂರಿಗೆ ಹೋಗುತ್ತಾರೆ. ವಿನ್‌ಓಎಲ್‌ಎಸ್, ಇಸಿಎಂ ಟೈಟಾನಿಯಂ, ಎಚ್‌ಪಿ ಟ್ಯೂನರ್ಸ್, ಈ ಮೂರರಲ್ಲಿ ಯಾವುದು ತಗೊಳ್ಳಲಿ? ಒಬ್ಬರು ವಿನ್‌ಓಎಲ್‌ಎಸ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕಡಿಮೆ ದುಡ್ಡಿಗೆ ಕೊಡ್ತೀನಿ ಅಂತಿದ್ದಾರೆ.
– ಗ್ಯಾರೇಜ್ ಮಾಲೀಕರು, ಸಾಗರ

ಉತ್ತರ: ಎಚ್‌ಪಿ ಟ್ಯೂನರ್ಸ್ ಅನ್ನು ಪಟ್ಟಿಯಿಂದ ತೆಗೆದುಬಿಡಿ. ಸಾಫ್ಟ್‌ವೇರ್ ಚೆನ್ನಾಗೇ ಇದೆ, ಆದರೆ ಅದು ಅಮೆರಿಕದ್ದು, ಜಿಎಂ, ಫೋರ್ಡ್, ಡಾಡ್ಜ್ ಗಾಡಿಗಳ ಸುತ್ತ ಬೆಳೆದದ್ದು. ನಿಮ್ಮ ಬಾಗಿಲಿಗೆ ಬರುವ ಗಾಡಿಗಳಿಗೆ ಅದರಿಂದ ಉಪಯೋಗ ಇಲ್ಲ.

ಉಳಿದ ಎರಡರಲ್ಲಿ ಆರಿಸೋ ಮೊದಲು ಒಂದು ವಿಷಯ ಗಮನಿಸಿ. ಇಲ್ಲಿ ಕೆಲಸ ಎರಡು ಭಾಗ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುನಿಂದ ಫೈಲ್ ಓದಿ, ವಾಪಸ್ ಬರೆಯೋದು ಒಂದು. ಆ ಫೈಲ್ ಒಳಗಿನ ಅಂಕಿ ಬದಲಿಸೋದು ಇನ್ನೊಂದು. ವಿನ್‌ಓಎಲ್‌ಎಸ್, ಟೈಟಾನಿಯಂ ಎರಡೂ ಮುಖ್ಯವಾಗಿ ಅಂಕಿ ಬದಲಿಸುವ ಸಾಫ್ಟ್‌ವೇರ್. ಓದಿ ಬರೆಯಲು ಕೆಸ್3, ಆಟೋಟ್ಯೂನರ್ ತರಹದ ಟೂಲ್ ಬೇರೆ ಬೇಕು. ದುಡ್ಡೆಲ್ಲ ಸಾಫ್ಟ್‌ವೇರ್‌ಗೆ ಹಾಕಿ ಟೂಲ್‌ಗೆ ಇಲ್ಲದ ಹಾಗಾದರೆ ಲ್ಯಾಪ್‌ಟಾಪ್ ಸುಮ್ನೆ ಕೂರುತ್ತದೆ.

ಟೈಟಾನಿಯಂ ಇಟಲಿಯ ಏಲಿಯನ್‌ಟೆಕ್ ಕಂಪನಿಯದು. ಫೈಲ್‌ಗೆ ಹೊಂದುವ ಡ್ರೈವರ್ (ಯಾವ ಅಂಕಿ ಎಲ್ಲಿದೆ ಅಂತ ಹೇಳುವ ಫೈಲ್) ಇದ್ದರೆ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್ ಒತ್ತಡ), ಟಾರ್ಕ್ ಲಿಮಿಟರ್ (ಎಳೆತದ ಮಿತಿ) ಅಂತ ಮ್ಯಾಪ್‌ಗಳನ್ನು, ಅಂದರೆ ಅಂಕಿಗಳ ಕೋಷ್ಟಕಗಳನ್ನು, ಹೆಸರು ಹಚ್ಚಿ ತೋರಿಸುತ್ತದೆ. ಕಲಿಯುವವರಿಗೆ ಅನುಕೂಲ. ಆದರೆ ಡ್ರೈವರ್ ತೋರಿಸಿದ್ದಷ್ಟೇ ನಿಮಗೆ ಕಾಣೋದು. ಜರ್ಮನಿಯ ಇವಿಸಿ ಕಂಪನಿಯ ವಿನ್‌ಓಎಲ್‌ಎಸ್ ಹಾಗಲ್ಲ. ಮ್ಯಾಪ್ ವಿವರದ ಫೈಲ್ ಇಲ್ಲದಿದ್ದರೆ ಅಂಕಿಗಳ ಸಮುದ್ರವೇ ಎದುರಿಗೆ ಬರುತ್ತದೆ, ಗ್ರಾಫ್‌ನ ಏರಿಳಿತ ನೋಡಿ ಯಾವುದು ಯಾವ ಮ್ಯಾಪ್ ಅಂತ ನೀವೇ ಗುರುತಿಸಬೇಕು. ಕೈಗೆ ಹತ್ತಲು ಸಮಯ ಬೇಕು, ಹತ್ತಿದ ಮೇಲೆ ಅದರಷ್ಟು ಆಳಕ್ಕೆ ಬಿಡುವ ಸಾಫ್ಟ್‌ವೇರ್ ಕಡಿಮೆ. ಚೆಕ್‌ಸಮ್ (ಫೈಲ್ ಸರಿ ಇದೆಯೇ ಅಂತ ಇಸಿಯು ನೋಡುವ ಮೊತ್ತ) ಲೆಕ್ಕ ಹಾಕುವ ಪ್ಲಗಿನ್‌ಗಳನ್ನು ಇಸಿಯು ಪ್ರಕಾರ ಬೇರೆ ಕೊಳ್ಳಬೇಕಾಗುತ್ತದೆ, ಬಜೆಟ್ ಹಾಕುವಾಗ ಅದನ್ನೂ ಸೇರಿಸಿ.

ಪೆನ್‌ಡ್ರೈವ್ ವಿಷಯಕ್ಕೆ ಬರೋಣ. ದಯವಿಟ್ಟು ಬೇಡ. ಕಳ್ಳ ಕಾಪಿ ತಪ್ಪು ಅನ್ನೋದು ಒಂದು, ಗಿರಾಕಿಯ ಗಾಡಿ ಅಪಾಯಕ್ಕೆ ಸಿಗೋದು ಇನ್ನೊಂದು. ಫೈಲ್‌ನಲ್ಲಿ ಒಂದು ಅಂಕಿ ಬದಲಾದರೂ ಚೆಕ್‌ಸಮ್ ಹೊಸದಾಗಿ ಲೆಕ್ಕ ಹಾಕಬೇಕು, ಅದು ತಪ್ಪಾದರೆ ಎಷ್ಟೋ ಗಾಡಿಗಳು ಸ್ಟಾರ್ಟೇ ಆಗಲ್ಲ. ಕ್ರ್ಯಾಕ್ ಮಾಡಿದ ಕಾಪಿಯಲ್ಲಿ ಈ ಲೆಕ್ಕವನ್ನು ನಂಬೋಕೆ ಆಗಲ್ಲ, ಕೆಟ್ಟರೆ ಫೋನ್ ಮಾಡಿ ಕೇಳೋಣ ಅಂದರೆ ಆ ಕಡೆ ಯಾರೂ ಇರಲ್ಲ.

ನನ್ನ ಸಲಹೆ ಕೇಳಿದರೆ ಈಗಲೇ ಎರಡೂ ಬೇಡ. ಮೊದಲು ಒಳ್ಳೆಯ ಟೂಲ್‌ನ ಸ್ಲೇವ್ ವರ್ಷನ್ ತಗೊಳ್ಳಿ. ನೀವು ಓದಿದ ಫೈಲ್ ಲಾಕ್ ಆಗಿಯೇ ಇರುತ್ತದೆ, ನಿಮ್ಮ ಮಾಸ್ಟರ್ ಟ್ಯೂನರ್ ಮಾತ್ರ ಅದನ್ನು ತೆರೆದು ಬದಲಿಸಿ ವಾಪಸ್ ಕಳಿಸಬಲ್ಲರು. ಹಾಗಾಗಿ ಟೂಲ್‌ಗಿಂತ ಮುಂಚೆ ಆ ಮಾಸ್ಟರ್ ಯಾರು ಅಂತ ವಿಚಾರಿಸಿ. ಲಾಗ್ ಕೇಳದೆ ಫೈಲ್ ಕಳಿಸುವವರಾದರೆ ಅವರ ಸಹವಾಸವೇ ಬೇಡ.

ಲಾಗ್ ಅಂದರೆ ಗಾಡಿ ಓಡುವಾಗ ಸ್ಕ್ಯಾನರ್‌ನಲ್ಲಿ ದಾಖಲಾಗುವ ಅಂಕಿಗಳು. ಇಸಿಯು ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು. ಕೇಳಿದ ರೈಲ್ ಪ್ರೆಶರ್ ಎಷ್ಟು, ಸಿಕ್ಕಿದ್ದೆಷ್ಟು. ಇದನ್ನು ಊರೊಳಗೆ ಓಡಿಸಿ ತೆಗೆದರೆ ಪ್ರಯೋಜನ ಇಲ್ಲ, ನಗರ ಅನ್ನುವ ಊರು ದಾಟಿ ಹುಲಿಕಲ್ ಘಾಟಿ ಇಳಿದು, ನಾಲ್ಕೈದು ಜನರನ್ನು ಕೂರಿಸಿಕೊಂಡು ಎರಡನೇ ಗೇರ್‌ನಲ್ಲಿ ಒಂದೇ ಸಮ ಹತ್ತಿ ತೆಗೆಯಿರಿ. ಹೆದ್ದಾರಿಯಲ್ಲಿ ಟರ್ಬೊಗೆ ನಡುನಡುವೆ ಬಿಡುವು ಸಿಗುತ್ತದೆ, ಘಾಟಿಯಲ್ಲಿ ಸಿಗಲ್ಲ, ಎಕ್ಸಾಸ್ಟ್ ಬಿಸಿ ಏರುತ್ತಲೇ ಹೋಗುತ್ತದೆ. ಬಯಲುಸೀಮೆಯಲ್ಲಿ ಓಡಿಸಿ ನೋಡಿದ ಫೈಲ್ ನಮ್ಮ ಕಡೆ ಹೊಂದುತ್ತೆ ಅಂತ ನಂಬಬೇಡಿ. ಬೂಸ್ಟ್ ಕಡಿಮೆ ಬರುತ್ತಿದ್ದರೆ ಇಂಟರ್‌ಕೂಲರ್ ಪೈಪ್ ಬಿರುಕು, ಇಜಿಆರ್ (ಹೊಗೆಯ ಒಂದು ಭಾಗವನ್ನು ಎಂಜಿನ್‌ಗೆ ವಾಪಸ್ ಬಿಡುವ ವಾಲ್ವ್) ಮಸಿ, ಏರ್ ಫಿಲ್ಟರ್ ಮೊದಲು ನೋಡಿ. ಎಷ್ಟೋ ಗಾಡಿಗಳಿಗೆ ಕಳೆದುಹೋದ ಪಿಕಪ್ ಅಲ್ಲೇ ಸಿಕ್ಕಿಬಿಡುತ್ತದೆ, ರೀಮ್ಯಾಪ್ ಬೇಕಾಗೋದೇ ಇಲ್ಲ.

ಫೈಲ್ ವಾಪಸ್ ಬಂದಾಗ ಸ್ಮೋಕ್ ಲಿಮಿಟರ್ ಬಗ್ಗೆ ಕೇಳಿ. ಆ ಮ್ಯಾಪ್‌ನ ಒಂದು ಅಂಚಿನಲ್ಲಿ ಆರ್‌ಪಿಎಂ, ಇನ್ನೊಂದು ಅಂಚಿನಲ್ಲಿ ಪ್ರತಿ ಸ್ಟ್ರೋಕ್‌ಗೆ ಸಿಲಿಂಡರ್‌ಗೆ ಬರುವ ಗಾಳಿ ಮಿಲಿಗ್ರಾಂನಲ್ಲಿ. ಒಳಗಿನ ಒಂದೊಂದು ಮನೆಯೂ ಅಷ್ಟು ಗಾಳಿಗೆ ಇಷ್ಟೇ ಡೀಸೆಲ್ ಅಂತ ಮಿತಿ ಹೇಳುತ್ತದೆ. ಗಾಳಿ ಹೆಚ್ಚಿಸದೆ ಈ ಮಿತಿ ಏರಿಸಿದ್ದರೆ ಹಿಂದೆ ಕಪ್ಪು ಹೊಗೆ, ಒಳಗೆ ಬೆಂಕಿ. ಹೊಗೆ ಬಂದರೇನೇ ಪವರ್ ಅನ್ನುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಿ.

ಇನ್ನೊಂದು ಮಾತು. ಇಸಿಯು ಬರೆಯುವಾಗ ವೋಲ್ಟೇಜ್ ಬೀಳಬಾರದು ಅಂತ ಬ್ಯಾಟರಿ ಸಪೋರ್ಟ್ ಚಾರ್ಜರ್ ಹಾಕುತ್ತೇವೆ, ಅಲ್ವಾ? ನಮ್ಮ ಮಳೆಗಾಲದಲ್ಲಿ ಕರೆಂಟ್ ಯಾವ ಹೊತ್ತಿಗೆ ಹೋಗುತ್ತದೋ ಗೊತ್ತಿಲ್ಲ. ಚಾರ್ಜರ್‌ಗೆ ಯುಪಿಎಸ್ ಕೊಡಿ. ಒರಿಜಿನಲ್ ಫೈಲ್ ಎರಡು ಕಡೆ ಉಳಿಸಿಡದೆ ಯಾವ ಗಾಡಿಗೂ ಬರೆಯಬೇಡಿ. ಒಂದಷ್ಟು ಕಾಲ ಹೀಗೆ ಕೆಲಸ ಮಾಡಿ ಲಾಗ್ ಓದೋದು ಕೈಗೆ ಹತ್ತಿದ ಮೇಲೆ ವಿನ್‌ಓಎಲ್‌ಎಸ್ ತಗೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಮಗ ಬಿಎಸ್6 ಡೀಸೆಲ್ ಜೀಪಿಗೆ ರೀಮ್ಯಾಪ್ ಮಾಡಿಸಿ ಡಿಪಿಎಫ್ ತೆಗೆಸುತ್ತೇನೆ ಅನ್ನುತ್ತಾನೆ. ಸಾಫ್ಟ್‌ವೇರ್‌ನಲ್ಲೇ ಆಗುತ್ತೆ, ಯಾರಿಗೂ ಗೊತ್ತಾಗಲ್ಲ ಅಂತಾನೆ. ಮಾಡಿಸಬಹುದಾ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಬೇಡಮ್ಮ. ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಹೊಗೆ ನಿಯಮಕ್ಕಾಗಿಯೇ ಅದನ್ನು ಹಾಕಿದ್ದು. ಕಂಪನಿ ಕೊಟ್ಟ ಗಾಡಿಯನ್ನು ಕಾನೂನು ಒಪ್ಪದ ಹಾಗೆ ಬದಲಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಕಲಂ ಪ್ರಕಾರ ಮಾಲೀಕರ ಮೇಲೆ ಕೇಸು: ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆರ್‌ಸಿ ನಿಮ್ಮ ಯಜಮಾನರ ಹೆಸರಲ್ಲಿದ್ದರೆ ಉತ್ತರ ಕೊಡಬೇಕಾದವರು ಅವರೇ. ವಾರಂಟಿ ಹೋಗುತ್ತದೆ, ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ತೋಟ, ಪೇಟೆ ಅಂತ ಸಣ್ಣ ಸಣ್ಣ ಓಡಾಟವೇ ಆದರೆ ಫಿಲ್ಟರ್ ಬಿಸಿಯಾಗದೆ ಮಸಿ ಕಟ್ಟುತ್ತದೆ, ಮಗನಿಗೆ ಬೇಜಾರಾಗಿರೋದು ಅದಕ್ಕೇ ಇರಬಹುದು. ಆಗಾಗ ಆಗುಂಬೆ ಕಡೆ ಒಂದು ದೂರದ ಓಟ ಓಡಿಸಲಿ, ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ದೀಪ ಬಂದಾಗ ಮ್ಯಾನುವಲ್‌ನಲ್ಲಿ ಹೇಳಿದಂತೆ ನಿಲ್ಲಿಸದೆ ಓಡಿಸಲಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಹಳೇ ಮಾರುತಿ 800 ಎಂಜಿನ್ ಸಿಕ್ಕಿದೆ. ಟ್ಯೂನಿಂಗ್ ಕಲಿಯಬೇಕು, ದುಡ್ಡಿಲ್ಲ. ಯಾವ ಸಾಫ್ಟ್‌ವೇರ್?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಟ್ಯೂನರ್‌ಸ್ಟುಡಿಯೋದ ಉಚಿತ ವರ್ಷನ್ ಹಾಕಿಕೊಳ್ಳಿ, ಅದರ ಜೊತೆ ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ಓಡುವ ಸ್ಪೀಡುಯಿನೊ ಇಸಿಯು ಕಟ್ಟಿ. ಸರ್ಕ್ಯೂಟ್, ಕೋಡ್ ಎಲ್ಲಾ ಮುಕ್ತವಾಗಿ ಸಿಗುತ್ತದೆ. ಕಾರ್ಬುರೇಟರ್ ಎಂಜಿನ್ ಆಗಿದ್ದರೆ ಎಂಪಿಎಫ್‌ಐ (ಇಂಜೆಕ್ಟರ್ ಇರುವ) ಮಾರುತಿ 800ರ ಮ್ಯಾನಿಫೋಲ್ಡ್, ಥ್ರಾಟಲ್ ಬಾಡಿ ಗುಜರಿಯಲ್ಲಿ ಹುಡುಕಿ. ತಾನಾಗೇ ಫ್ಯೂಯಲ್ ಮ್ಯಾಪ್ ತಿದ್ದುವ ಸೌಲಭ್ಯ ದುಡ್ಡು ಕೊಟ್ಟ ವರ್ಷನ್‌ನಲ್ಲಿದೆ, ಕಲಿಯುವವರಿಗೆ ಅದು ಇಲ್ಲದಿರೋದೇ ಒಳ್ಳೆಯದು, ಕೈಯಲ್ಲೇ ತಿದ್ದಿ. ಖರ್ಚು ಮಾಡಲೇಬೇಕಾದ್ದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್‌ಗೆ. ಮಾಮೂಲಿ ಸೆನ್ಸರ್ ಗಾಳಿ-ಪೆಟ್ರೋಲ್ ಅನುಪಾತ 14.7ರ ಆಚೀಚೆ ರಿಚ್ಚೋ (ಪೆಟ್ರೋಲ್ ಜಾಸ್ತಿ) ಲೀನೋ (ಪೆಟ್ರೋಲ್ ಕಡಿಮೆ) ಅಂತ ಮಾತ್ರ ಹೇಳುತ್ತದೆ, ಫುಲ್ ಥ್ರಾಟಲ್‌ನಲ್ಲಿ ನಿಮಗೆ ಬೇಕಾದ 12.5, 13 ಅದಕ್ಕೆ ಕಾಣಲ್ಲ.

ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಡಿ. ಸಾಫ್ಟ್‌ವೇರ್‌ನಲ್ಲಿ ಸ್ಪಾರ್ಕ್ ಟೈಮಿಂಗ್ ಅನ್ನು ಒಂದು ಅಂಕಿಗೆ ಲಾಕ್ ಮಾಡಿ, ಸ್ಟಾರ್ಟರ್ ತಿರುಗಿಸುತ್ತಾ ಕ್ರ್ಯಾಂಕ್ ಪುಲ್ಲಿ ಮೇಲೆ ಟೈಮಿಂಗ್ ಲೈಟ್ ಹಿಡಿದು ನೋಡಿ. ಪರದೆಯ ಅಂಕಿ, ಪುಲ್ಲಿಯ ಗುರುತು ಎರಡೂ ಒಂದೇ ಆಗುವವರೆಗೆ ಟ್ರಿಗರ್ ಆಂಗಲ್ (ಕ್ರ್ಯಾಂಕ್ ಸೆನ್ಸರ್ ಗುರುತಿನ ಕೋನ) ತಿದ್ದುತ್ತಾ ಹೋಗಿ. ಆಮೇಲೆ ಕನೆಕ್ಟರ್ ಹಾಕಿ.