ಜನವರಿಯಲ್ಲಿ ಸ್ವಂತ ಕಾರಿನಲ್ಲಿ ಬಾಗಲಕೋಟೆಯಿಂದ ಮನಾಲಿಗೆ: ಹಿಮದ ಟೈರ್ ಹಾಕಿಸಲೇಬೇಕಾ?

ಟೈರ್ ಬಿಡಿ, ಮೊದಲು ಬಾನೆಟ್ ಎತ್ತಿ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ನೋಡಿ.

ನಾನು ವಿಜಯಪುರದವನು. ನಿಮ್ಮ ಹಾಗೆಯೇ ಟೈರು, ಹಿಮದಲ್ಲಿ ಟೈರಿಗೆ ಸುತ್ತುವ ಚೈನು ಅಂತ ತಲೆ ಕೆಡಿಸಿಕೊಂಡು ಜನವರಿಯಲ್ಲೇ ಹೊರಟಿದ್ದೆ. ನಮ್ಮೂರಿನ ಎನ್‌ಎಚ್ 52 ಅಂಕೋಲಾದಿಂದ ಪಂಜಾಬಿನ ಸಂಗರೂರಿನವರೆಗೆ ಹೋಗುತ್ತದೆ, ಅದನ್ನೇ ಹಿಡಿದು ಹೋದರಾಯ್ತು ಅಂತ ಖುಷಿ ಬೇರೆ. ದಾರಿಯುದ್ದಕ್ಕೂ ಗಾಡಿ ಏನೂ ತೊಂದರೆ ಕೊಡಲಿಲ್ಲ. ಕೈಕೊಟ್ಟಿದ್ದು ಮನಾಲಿಯಲ್ಲಿ, ಒಂದು ರಾತ್ರಿ ಬಯಲಲ್ಲಿ ನಿಲ್ಲಿಸಿದ ಮೇಲೆ.

ಬೆಳಿಗ್ಗೆ ಸ್ಟಾರ್ಟ್ ಏನೋ ಆಯ್ತು. ಹೀಟರ್ ಹಾಕಿದರೆ ಬರೀ ತಣ್ಣನೆ ಗಾಳಿ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಸುತ್ತ ಹಿಮ, ಎಂಜಿನ್ ಮಾತ್ರ ಕುದೀತಾ ಇದೆ! ಇಳಿದು ನೋಡಿದರೆ ಕೂಲೆಂಟ್ ಡಬ್ಬಿಯೊಳಗೆ ತಿಳಿ ಹಸಿರು ಐಸ್ ಗಡ್ಡೆ. ರೇಡಿಯೇಟರ್ ಒಳಗೂ ಅದೇ ಕಥೆ, ನೀರು ಓಡಾಡೋಕೆ ಜಾಗವೇ ಇಲ್ಲ. ಬಿಸಿಲು ಬಿದ್ದು ಕರಗಿದ ಮೇಲೆ ಗೊತ್ತಾಯ್ತು, ರೇಡಿಯೇಟರಿನ ಕೆಳಗಿನ ಮೂಲೆ ಸೀಳಿತ್ತು.

ತಪ್ಪು ನಡೆದದ್ದು ಮನಾಲಿಯಲ್ಲಲ್ಲ, ಊರಲ್ಲಿ. ಹಿಂದಿನ ಬೇಸಿಗೆಯಲ್ಲಿ ಹೋಸ್ ಪೈಪ್ ಸೋರುತ್ತಿತ್ತು, ಕಡಿಮೆ ಆದಾಗೆಲ್ಲ ಬೋರ್‌ವೆಲ್ ನೀರು ಸುರಿಯುತ್ತಿದ್ದೆ. ಆಮೇಲೆ ಪೈಪ್ ಬದಲಾಯಿಸಿದೆ, ಒಳಗಿನ ನೀರನ್ನು ಹಾಗೇ ಬಿಟ್ಟೆ. ಬಣ್ಣ ಇದೆಯಲ್ಲ, ಕೂಲೆಂಟೂ ಇದೆ ಅಂದುಕೊಂಡೆ. ಆದರೆ ಸ್ವಲ್ಪವೇ ಉಳಿದಿದ್ದರೂ ಹಸಿರು ಕಾಣುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಸೊನ್ನೆಗೇ ಗಟ್ಟಿ. ಗಟ್ಟಿಯಾಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಫ್ರೀಜರ್‌ನಲ್ಲಿ ಮರೆತ ಗಾಜಿನ ಬಾಟ್ಲಿ ಒಡೆಯುತ್ತಲ್ವಾ, ಹಾಗೆ. ನಮ್ಮ ಕಡೆ ಎಷ್ಟೇ ಥಂಡಿ ಬಿದ್ದರೂ ಸೊನ್ನೆಗೆ ಇಳಿಯಲ್ಲ, ಅದಕ್ಕೇ ಈ ತಪ್ಪು ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಸವಳು ನೀರಾದರೆ ಒಳಗೆ ಪದರ ಬೇರೆ ಕಟ್ಟುತ್ತದೆ. ಹಾಗಂತ ನೀರೇ ಬೇಡ ಅಂತ ಬರೀ ಕೂಲೆಂಟ್ ಕೂಡ ಸುರಿಯಬೇಡಿ, ಅದು ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ರೆಡಿ ಮಿಕ್ಸ್ ಡಬ್ಬಿ ತಂದರೆ ಅದಕ್ಕೆ ಮತ್ತೆ ನೀರು ಬೆರೆಸಬೇಡಿ.

ಹೊರಡುವ ಮುಂಚೆ ಹಳೆಯದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಟಾಪ್ ಅಪ್ ಅಲ್ಲ, ಪೂರ್ತಿ. ಫಿಟ್ಟರ್ "ಏನೂ ಆಗಲ್ರೀ" ಅಂದರೂ ನಿಂತು ಮಾಡಿಸಿ. ಬ್ಯಾಟರಿ ಹಳೆಯದಾಗಿದ್ದರೆ ಇಲ್ಲೇ ಚೆಕ್ ಮಾಡಿಸಿ, ಚಳಿಯಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯಬಹುದು. ಡೀಸೆಲ್ ಗಾಡಿಯಾದರೆ ಬೆಟ್ಟ ಹತ್ತುವ ಹೊತ್ತಿಗೆ ಊರಿನ ಡೀಸೆಲ್ ಖಾಲಿಯಾಗಿರಲಿ, ಅಲ್ಲೇ ತುಂಬಿಸಿ. ಚಳಿಗೆ ಡೀಸೆಲ್‌ನಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹೆಪ್ಪುಗಟ್ಟಿ ಹಿಡಿದುಕೊಂಡುಬಿಡುತ್ತೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಗಾಜಿನ ಮೇಲಿನ ಐಸಿಗೆ ಬಿಸಿನೀರು ಹಾಕಿದರೆ ಗಾಜೇ ಸೀಳಬಹುದು.

ಇನ್ನು ನಿಮ್ಮ ಟೈರ್. ನನ್ನ ಕೇಳಿದರೆ ಬೇಡವೇ ಬೇಡ. ಇದೊಂದು ಟ್ರಿಪ್‌ಗೆ ಅಷ್ಟು ರೊಕ್ಕ ಹಾಕಿ, ವಾಪಸ್ ಬಂದು ನಮ್ಮ ಬಿಸಿಲಲ್ಲಿ ಸವೆಸುವುದಾ? ಇರುವ ಟೈರಿನ ಗ್ರಿಪ್ ಚೆನ್ನಾಗಿದ್ದರೆ ಸಾಕು. ಹಿಮ ಬಿದ್ದ ದಿನ ಮನಾಲಿಯ ಆಚೆಗಿನ ಅಟಲ್ ಸುರಂಗದ ಕಡೆ ಪೊಲೀಸರು ಸಾಮಾನ್ಯವಾಗಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿಗಳನ್ನೇ ಬಿಡೋದು, ನಿಮ್ಮ ಟೈರ್ ನೋಡಿ ಯಾರೂ ಗೇಟ್ ತೆಗೆಯಲ್ಲ. ಅವತ್ತು ಕಾರನ್ನು ಮನಾಲಿಯಲ್ಲೇ ನಿಲ್ಲಿಸಿ ಅಲ್ಲಿಯವರದೇ ಟ್ಯಾಕ್ಸಿ ಮಾಡಿ. ಆ ರಸ್ತೆ ಅವರಿಗೆ ದಿನದ ಕೆಲಸ.